ರೀಕಾಲ್ ಪತ್ರ ಹಳೇ ಮಾಲಕರ ಮನಿಗೆ ಹೋಗ್ತದ

ಹೋದ ಮಳಿಗಾಲದಾಗ ಪುಣೆಯ ಕೋಥ್ರೂಡಿನಿಂದ ಒಬ್ರು ಫೋನ್ ಮಾಡಿದ್ರು. ಮೊದಲ ಮರಾಠಿಯೊಳಗ ಸುರು ಮಾಡಿದ್ರು, ನಾ "ಹಾಂ ಹೇಳ್ರಿ" ಅಂದ ಕೂಡ್ಲೆ ಕನ್ನಡಕ್ಕ ಹೊಳ್ಳಿದ್ರು. ಕುಂದಾಪುರದ ಕಡೆಯವ್ರು, ಪುಣೆದಾಗ ಮೂವತ್ತು ವರ್ಷದಿಂದ ಹೋಟೆಲ್. ಒಂಬತ್ತು ವರ್ಷ ಹಳೇ ಜರ್ಮನ್ ಎಸ್‌ಯುವಿ ಒಂದು ನೋಡಿದ್ರಂತ, ಡೀಸೆಲ್, ಬರೇ 58,000 ಕಿಲೋಮೀಟರ್ ಓಡಿದ್ದು, ರೇಟು ಹೊಸಾ ಕ್ರೇಟಾದಕಿಂತ ಕಡಿಮಿ. "ಬಂದು ಒಮ್ಮೆ ನೋಡಿ ಮಾರಾಯ್ರೆ" ಅಂದ್ರು. ನಾ ಹೇಳ್ದೆ, ಬರ್ತೀನಿ, ಅದಕ್ಕೂ ಮೊದಲ ಚಾಸಿ ನಂಬರ್ ಕಳಸ್ರಿ. ಅವ್ರು ಕಳಿಸಿದ್ದು ಸನ್‌ರೂಫಿನ ನಾಲ್ಕು ಫೋಟೋ.

ಸೆಕೆಂಡ್ ಹ್ಯಾಂಡ್ ಗಾಡಿ ಚೆಕ್ ಮಾಡಿ ರಿಪೋರ್ಟ್ ಕೊಡೋದು ನನ್ನ ಕೆಲಸ, ಇಪ್ಪತ್ತು ವರ್ಷದ ಮ್ಯಾಲಾತು, ಮತ್ತ ಈ ಸನ್‌ರೂಫ್ ಫೋಟೋ ನನಗ ಹೊಸದಲ್ಲ. ಮಂದಿ ಲೆದರ್ ಸೀಟು ನೋಡ್ತಾರ, ಪೇಂಟ್ ನೋಡ್ತಾರ, ಇಂಜಿನ್ ಸೌಂಡ್ ಕೇಳಿ ತಲಿ ಅಲ್ಲಾಡಸ್ತಾರ, ಬಾಗಲಾ ಧಪ್ ಅಂತ ಮುಚ್ಚಿ "ಏನ್ ಗಟ್ಟಿ ಅದ ನೋಡ್ರಿ" ಅಂತಾರ. ಏನರ ದೋಷ ಸರಿ ಮಾಡ್ಲಿಕ್ಕೆ ಕಂಪನಿಯವ್ರು ಈ ಗಾಡಿನ ವಾಪಸ್ ಕರೆದಾರೇನು (ಇದಕ್ಕ ರೀಕಾಲ್ ಅಂತಾರ), ಕರೆದಿದ್ರ ಆ ಕೆಲಸ ಆಗೇದೋ ಇಲ್ಲೋ, ಇದನ್ನ ಕೇಳೋವ್ರು ನೂರಕ್ಕ ಇಬ್ರು ಇದ್ದಾರು.

ಕೊನಿಗೆ ಚಾಸಿ ನಂಬರ್ ಬಂತು. ಹದಿನೇಳು ಅಕ್ಷರ-ಅಂಕಿ, ಅದರಾಗ ಐ, ಓ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರ ಯಾವತ್ತೂ ಇರೋದಿಲ್ಲ, 1, 0 ಅಂಕಿ ಜೊತಿ ಕನ್‌ಫ್ಯೂಸ್ ಆಗಬಾರದು ಅಂತ. ಆರ್‌ಸಿ ಮ್ಯಾಲಿನ ನಂಬರ್, ಗಾಡಿ ಮ್ಯಾಲ ಹೊಡೆದ ನಂಬರ್, ಕಾಚಿನ ಮೂಲ್ಯಾಗಿನ ನಂಬರ್ ಮೂರೂ ಒಂದ ಇರಬೇಕು. ಅದನ್ನ ತಗೊಂಡು ಆ ಬ್ರ್ಯಾಂಡಿನ ಸರ್ವಿಸ್ ಡೆಸ್ಕಿಗೆ ಕೊಟ್ಟೆ. ಹುಡುಗ ಎರಡು ನಿಮಿಷ ಸ್ಕ್ರೀನ್ ನೋಡಿ ಹೇಳಿದ: ಸರ್, ಇದರ ಮ್ಯಾಲ ಒಂದು ಕ್ಯಾಂಪೇನ್ ಓಪನ್ ಅದ, ಅಂದ್ರ ರೀಕಾಲ್ ಕೆಲಸ ಬಾಕಿ ಅದ, ಪ್ಯಾಸೆಂಜರ್ ಸೈಡ್ ಏರ್‌ಬ್ಯಾಗ್ ಇನ್‌ಫ್ಲೇಟರ್, ಎರಡು ಸಲ ಪತ್ರ ಹೋಗೇದ.

ಎಲ್ಲಿಗೆ ಹೋಗೇದ? ದಿಲ್ಲಿಗೆ. ಮೊದಲಿನ ಮಾಲಕರ ಅಡ್ರೆಸ್ಸಿಗೆ. ದಿಲ್ಲಿಯೊಳಗ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಸಬಾರದು ಅನ್ನೋ ಕಟ್ಟು ಇತ್ತು (2025ರಾಗ ಸುಪ್ರೀಂ ಕೋರ್ಟ್ ಅದನ್ನ ಸಡಲ ಮಾಡ್ತು), ಆ ಹೊತ್ತು ಹತ್ರ ಬಂದಂಗ ಅಲ್ಲಿ ದೊಡ್ಡ ಡೀಸೆಲ್ ಎಸ್‌ಯುವಿಗಳ ರೇಟು ಬೀಳ್ತಿತ್ತು, ಎನ್‌ಓಸಿ (ಬ್ಯಾರೆ ರಾಜ್ಯಕ್ಕ ಒಯ್ಯಲಿಕ್ಕೆ ಒಪ್ಪಿಗಿ ಪತ್ರ) ತಗೊಂಡು ಟ್ರಕ್ ಹತ್ತಿ ಪುಣೆ, ಮುಂಬೈ, ಗೋವಾ, ಹುಬ್ಬಳ್ಳಿ ತನಕ ಬರ್ತಿದ್ವು, ಪುಣೆದಾಗ ಎಂಎಚ್-12 ನಂಬರ್ ಬೀಳ್ತಿತ್ತು. ಆರ್‌ಟಿಓ ದಾಖಲೆಯೊಳಗ ಮಾಲಕ ಬದಲಾದ, ಕಂಪನಿ ಕಂಪ್ಯೂಟರಿನಾಗ ಇನ್ನೂ ಅದ ದಿಲ್ಲಿಯ ವಸಂತ ವಿಹಾರದ ಬಂಗ್ಲೆ ಇರ್ತದ. ಅಲ್ಲಿಯ ಹಳೇ ಮಾಲಕರು ಆ ಪತ್ರ ರದ್ದಿಗೆ ಹಾಕಿರ್ತಾರ, ಗಾಡಿ ಮಾರಿ ಮೂರು ವರ್ಷ ಆಗಿರ್ತದ, ಅವ್ರ ತಪ್ಪೂ ಅಲ್ಲ ಬಿಡ್ರಿ. ರೀಕಾಲ್ ಅಂಟಿಕೊಂಡಿರೋದು ಚಾಸಿಗೆ, ಮಾಲಕಗಲ್ಲ. ನೀವು ಎರಡನೇ ಮಾಲಕ ಆಗ್ರಿ, ಐದನೇ ಮಾಲಕ ಆಗ್ರಿ, ವಾರಂಟಿ ಮುಗದಿರ್ಲಿ, ಇಷ್ಟು ವರ್ಷ ಹೊರಗಿನ ಗ್ಯಾರೇಜಿನ್ಯಾಗ ಸರ್ವಿಸ್ ಮಾಡ್ಸಿರ್ಲಿ, ಆ ಚಾಸಿ ರೀಕಾಲ್ ಲಿಸ್ಟಿನ್ಯಾಗ ಇತ್ತಂದ್ರ ಕೆಲಸ ಫುಕಟ್ ಮಾಡಿಕೊಡ್ತಾರ. ಇದು ಗೊತ್ತಿಲ್ದ ಎಷ್ಟೋ ಮಂದಿ "ಶೋರೂಮಿಗೆ ಹೋದ್ರ ಲಕ್ಷ ರೂಪಾಯಿ ಬಿಲ್ ಹಚ್ತಾರ" ಅಂತ ಆ ಕಡೆ ತಲಿನೂ ಹಾಕೋದಿಲ್ಲ.

ಈ ಇನ್‌ಫ್ಲೇಟರ್ ಅಂದ್ರ ಏರ್‌ಬ್ಯಾಗಿಗೆ ಗ್ಯಾಸ್ ತುಂಬಿ ಉಬ್ಬಿಸೋ ಡಬ್ಬಿ, ಅದರ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರ ನಮ್ಮ ಈ ಪಶ್ಚಿಮ ಕರಾವಳಿ ಮಂದಿಗೆ ಇದು ಬ್ಯಾರೆಯವ್ರಕಿಂತ ಜಾಸ್ತಿ ಸಂಬಂಧ. ತಕಾಟಾ ಅಂತ ಜಪಾನಿನ ಕಂಪನಿ, ಜಗತ್ತಿನ ಭಾಳ ಬ್ರ್ಯಾಂಡಿಗೆ, ಲಗ್ಜುರಿಯವ್ರೂ ಸೇರಿ, ಏರ್‌ಬ್ಯಾಗ್ ಕೊಡ್ತಿತ್ತು. ಬ್ಯಾಗ್ ಉಬ್ಬಿಸ್ಲಿಕ್ಕೆ ಅದರಾಗ ಅಮೋನಿಯಂ ನೈಟ್ರೇಟ್ ಹಾಕಿದ್ರು. ಆ ಕೆಮಿಕಲ್ಲಿಗೆ ಹವಾದಾಗಿನ ತೇವ ಆಗಿಬರೋದಿಲ್ಲ, ಹಗಲಿನ ಬಿಸಿ ರಾತ್ರಿ ತಂಪು ಹಿಂಗ ವರ್ಷಗಟ್ಟಲೆ ನಡೆದ್ರ ಅದರ ಗುಳಿಗಿ ಬಿರುಕು ಬಿಡ್ತಾವ, ಪುಡಿ ಆಗ್ತಾವ, ಆಮ್ಯಾಲ ಅಪಘಾತ ಆದಾಗ ಬೇಕಾದಕಿಂತ ಜೋರಾಗಿ ಸುಟ್ಟು ಕಬ್ಬಿಣದ ಡಬ್ಬಿನ ಒಡೀತದ. ಬ್ಯಾಗಿನ ಬದ್ಲಿ ಲೋಹದ ಚೂರು ಮಾರಿಗೆ, ಕುತ್ತಿಗಿಗೆ ಬಡೀತಾವ. ಸಣ್ಣ ಡಿಕ್ಕಿಗೇ ಹಿಂಗಾಗಿ ಮಂದಿ ಸತ್ತಾರ. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರ್ ವಾಪಸ್ ಕರೀಬೇಕಾತು, ಕಂಪನಿ 2017ರಾಗ ದಿವಾಳಿ ಎದ್ತು. ಅಮೆರಿಕಾದಾಗ ಬಿಸಿ ಮತ್ತ ತೇವ ಇರೋ ರಾಜ್ಯಗಳಿಗೆ ಮೊದಲ ಪಾಳಿ ಕೊಟ್ರು, ಫ್ಲೋರಿಡಾದಂಥಾವಕ್ಕ. ಈಗ ನೀವ ಹೇಳ್ರಿ, ಗೋವಾದ ಮಡಗಾಂವಿನಾಗ ಹತ್ತು ವರ್ಷ ಬಯಲಾಗ ನಿಂತ ಗಾಡಿ ಯಾವ ಲೆಕ್ಕಕ್ಕ ಬರ್ತದ?

ಮತ್ತ ಒಂದು ಮಾತು, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟ್ ಇದರ ಬಗ್ಗೆ ಏನೂ ಹೇಳೋದಿಲ್ಲ. ಕೀ ಹಾಕಿದಾಗ ಲೈಟ್ ಹತ್ತಿ ನಾಲ್ಕಾರು ಸೆಕೆಂಡಿಗೆ ಆರಬೇಕು, ಅದು ಸರಿ (ಹತ್ತೋದ ಇಲ್ಲಂದ್ರ ಯಾರೋ ಕೈ ಆಡಿಸ್ಯಾರ ಅಂತ ತಿಳೀರಿ). ಆದ್ರ ಗಾಡಿ ಕಂಪ್ಯೂಟರ್ ನೋಡೋದು ವಾಯರಿನ ಸರ್ಕೀಟ್ ಕೂಡೇದೋ ಇಲ್ಲೋ ಅಂತ ಅಷ್ಟ. ಒಳಗಿನ ಮದ್ದು ಕೆಟ್ಟದ್ದು ಅದಕ್ಕ ಕಾಣೋದಿಲ್ಲ, ಸ್ಕ್ಯಾನರ್ ಹಚ್ಚಿದ ನನಗೂ ಕಾಣೋದಿಲ್ಲ. ಚಾಸಿ ನಂಬರ್ ಒಂದ ದಾರಿ. ಅದೂ ಒಂದು ಕಡೆ ಕೈ ಕೊಡ್ತದ: ಗಾಡಿ ಹಿಂದ ಯಾವಾಗೋ ಬಡಕೊಂಡು ಏರ್‌ಬ್ಯಾಗ್ ಬಿಚ್ಚಿದ್ರ, ಗುಜರಿಯಿಂದ ಬ್ಯಾರೆ ಗಾಡಿದು ತಂದು ಕೂಡಿಸಿದ್ರ, ನಿಮ್ಮ ಚಾಸಿ ಕ್ಲೀನ್ ಅಂತ ಬರ್ತದ, ಒಳಗ ಕುಂತ ಡಬ್ಬಿ ಮಾತ್ರ ಲಿಸ್ಟಿನ್ಯಾಗಿಂದ. ಅದಕ್ಕ ನಾ ಟಾರ್ಚ್ ಹಿಡಕೊಂಡು ಸೀಟಿನ ಕೆಳಗ ಮಲಗ್ತೀನಿ, ಏರ್‌ಬ್ಯಾಗಿನ ಕನೆಕ್ಟರ್ ಹಳದಿ ಬಣ್ಣದ್ದು ಇರ್ತದ, ಅದಕ್ಕ ಟೇಪ್ ಸುತ್ತಿದ್ರ, ಹಸಿರು ಜಂಗು ಹಿಡಿದಿದ್ರ, ಡ್ಯಾಶ್‌ಬೋರ್ಡಿನ ಪ್ಯಾನಲ್ಲಿನ ಗ್ಯಾಪ್ ಎಡಕ್ಕ ಒಂದು ಬಲಕ್ಕ ಒಂದು ಇದ್ರ, ಆ ಗಾಡಿ ಬ್ಯಾಡ ಅಂತ ಬರದುಬಿಡ್ತೀನಿ. ಇದರಾಗ ಚೌಕಾಸಿ ಇಲ್ಲ.

ಇನ್ನ ಬ್ರೇಕು. 2022ರ ಜೂನಿನ್ಯಾಗ ಮರ್ಸಿಡಿಸ್‌ನವ್ರು 2004ರಿಂದ 2015ರ ನಡುವ ತಯಾರಾದ ಎಂಎಲ್, ಜಿಎಲ್, ಆರ್-ಕ್ಲಾಸ್ ಗಾಡಿ ಜಗತ್ತಿನಾದ್ಯಂತ ಸುಮಾರು 10 ಲಕ್ಷ ವಾಪಸ್ ಕರೆದ್ರು. ಅಮೆರಿಕಾದಾಗಂತೂ "ಚೆಕ್ ಆಗೋ ತನಕ ಓಡಸಬ್ಯಾಡ್ರಿ, ನಾವ ಟೋ ಮಾಡ್ಕೊಂಡು ಹೋಗ್ತೀವಿ" ಅಂದ್ರು. ಕಾರಣ ಕೇಳಿದ್ರ ನಗು ಬರ್ತದ, ಒಂದು ರಬ್ಬರ್ ಕವರ್. ಬ್ರೇಕ್ ಬೂಸ್ಟರ್ ಅಂದ್ರ ಪೆಡಲ್ ಮತ್ತ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲ್ ತಳ್ಳೋ ಪಂಪು) ನಡುವಿನ ದೊಡ್ಡ ತವಾದಂಥಾ ಕಬ್ಬಿಣದ ಡಬ್ಬಿ, ವ್ಯಾಕ್ಯೂಮಿನ ಬಲದಿಂದ ನಿಮ್ಮ ಕಾಲಿನ ಜೋರನ್ನ ಹೆಚ್ಚು ಮಾಡೋದು ಅದ. ಅದರ ಎರಡು ಭಾಗ ಕೂಡೋ ಜಾಗಕ್ಕ ಸುತ್ತಿದ ರಬ್ಬರಿನ ಕೆಳಗ ನೀರು ನಿಂತು ಜಂಗು ಹಿಡೀತದ, ತೂತು ಬಿದ್ರ ವ್ಯಾಕ್ಯೂಮ್ ಸೋರ್ತದ, ಬ್ರೇಕ್ ಗಟ್ಟಿ ಆಗ್ತದ. ಭಾಳ ಜಂಗು ತಿಂದಿದ್ರ, ಜೋರಾಗಿ ಒತ್ತಿದಾಗ ಪೆಡಲಿಗೂ ಬ್ರೇಕಿಗೂ ಸಂಬಂಧಾನ ಹರೀಬಹುದು. ಅಂಥಾದ್ದು ಅಪರೂಪ, ಆದ್ರ ಖಂಡಾಲಾ ಘಾಟ್ ಇಳಿಯೋವಾಗ ಅಪರೂಪ ಅನ್ನೋ ಶಬ್ದ ಸಮಾಧಾನ ಕೊಡೋದಿಲ್ಲ.

ಮನಿಯೊಳಗ ಯಾರಾದ್ರೂ ಮಾಡಬಹುದಾದ ಟೆಸ್ಟ್ ಒಂದದ. ಇಂಜಿನ್ ಬಂದ್ ಇಟ್ಟು ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ರಿ, ಕಲ್ಲಿನಂಗ ಗಟ್ಟಿ ಆಗ್ತದ. ಆಮ್ಯಾಲ ಒತ್ತಿ ಹಿಡಕೊಂಡ ಸ್ಟಾರ್ಟ್ ಮಾಡ್ರಿ, ಪೆಡಲ್ ಕಾಲಿನ ಕೆಳಗ ಒಂದಿಷ್ಟು ಕುಸೀಬೇಕು. ಕುಸೀಲಿಲ್ಲಂದ್ರ, ಇಲ್ಲಾ ಒತ್ತಿದಾಗ ಕಾಲಿನ ಹತ್ರ ಹಾವು ಬುಸ್ ಅಂದಂಗ ಸಪ್ಪಳ ಬಂದ್ರ, ಆ ಗಾಡಿ ಅಲ್ಲೇ ನಿಲ್ಲಸ್ರಿ. ಹಂಗಂತ ಟೆಸ್ಟ್ ಪಾಸ್ ಆತಂದ್ರ ಜಂಗು ಇಲ್ಲ ಅಂತ ಅಲ್ಲ ಮತ್ತ, ಆ ರಬ್ಬರ್ ಸರಿಸಿ ನೋಡಿದ್ರನ ಖರೆ ಗೊತ್ತಾಗೋದು. ಕೊಂಕಣದ ಮಳಿ, ಉಪ್ಪು ಗಾಳಿ ತಿಂದ ಗಾಡಿಗಂತೂ ಬಿಡಲಾರದ ನೋಡಸ್ರಿ.

ಇದೆಲ್ಲಾ ಕೇಳಿ ಮಂದಿ ಅಂತಾರ, ಅಂದ್ರ ಆ ಬ್ರ್ಯಾಂಡ್ ಕೆಟ್ಟದ್ದೇನು? ಅಲ್ಲ ಮಾರಾಯ್ರ. ಕರೆಯಲಾರದ ಬ್ರ್ಯಾಂಡ್ ಯಾವುದದ ಹೇಳ್ರಿ. ಸೇಫ್ಟಿಗೇ ಹೆಸರಾದ ವೋಲ್ವೋದವ್ರು 2020ರಾಗ 20 ಲಕ್ಷಕ್ಕೂ ಮ್ಯಾಲ ಗಾಡಿ ಕರೆದ್ರು, ಎಕ್ಸ್‌ಸಿ60 ಸೇರಿ, ಮುಂದಿನ ಸೀಟ್ ಬೆಲ್ಟಿನ ಸ್ಟೀಲ್ ಕೇಬಲ್ ಸವೀತದ ಅಂತ. 2016ರಾಗ ಪೋರ್ಶೆ ಕಯೆನ್ ಮತ್ತ ಫೋಕ್ಸ್‌ವ್ಯಾಗನ್ ಟೂರೆಗ್ ಕೂಡಿ ಸುಮಾರು 8 ಲಕ್ಷ, ಪೆಡಲಿನ ಒಂದು ಸಣ್ಣ ಕ್ಲಿಪ್ ಸಡಲ ಆಗಬಹುದು ಅಂತ. ಕರೆದು ಸರಿ ಮಾಡಿದ ಗಾಡಿ ನನಗ ಚಲೋ ಗಾಡಿ. ಕರೆದ್ರೂ ಹೋಗಲಾರದ ಗಾಡಿ ಕೆಟ್ಟದ್ದು.

ಮತ್ತ ಕಂಪ್ಲೇಂಟ್ ಬ್ಯಾರೆ, ರೀಕಾಲ್ ಬ್ಯಾರೆ, ಇಲ್ಲೇ ಭಾಳ ಮಂದಿ ಗೊಂದಲ ಮಾಡ್ಕೋತಾರ. ರಾತ್ರಿ ನಿಲ್ಲಿಸಿದ ಗಾಡಿ ಮುಂಜಾನೆ ಒಂದು ಮೂಲಿ ಕುಸಿದು ಕುಂತಿರ್ತದಲ್ಲ, ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದ್ಲಿ ಗಾಡಿ ಹೊರೋ ಗಾಳಿ ಚೀಲ) ಸೋರಿದ್ದು, ಹಳೇ ಲಗ್ಜುರಿ ಎಸ್‌ಯುವಿಯೊಳಗ ಇದು ಮನಿ ಮನಿ ಕಥಿ. ಇಂಥಾ ಹಳೇ ಗಾಡಿ ಸವೆದು ಸೋರಿದ್ದು ಸಾಮಾನ್ಯವಾಗಿ ರೀಕಾಲ್ ಅಲ್ಲ, ಖರ್ಚು. ಕಂಪನಿ ತನ್ನ ವರ್ಕ್‌ಶಾಪಿಗೆ ಕಳಿಸೋ ಸರ್ವಿಸ್ ಬುಲೆಟಿನ್ ಅಂತಾನೂ ಇರ್ತದ, ಅದೂ ರೀಕಾಲ್ ಅಲ್ಲ, ವಾರಂಟಿ ಮುಗಿದ ಮ್ಯಾಲ ಅದರ ದುಡ್ಡು ನಿಮ್ಮದ. ಹಂಗಂತ ಕಂಪ್ಲೇಂಟನ್ನ ತಳ್ಳಿಹಾಕಬ್ಯಾಡ್ರಿ. 2018ರ ಬ್ಯಾಸಗಿಯೊಳಗ ದಕ್ಷಿಣ ಕೊರಿಯಾದಾಗ ಬಿಎಂಡಬ್ಲ್ಯು ಡೀಸೆಲ್ ಗಾಡಿ ಒಂದರ ಹಿಂದ ಒಂದು ಹೊತ್ತಿ ಉರಿದ್ವು. ಇಜಿಆರ್ ಕೂಲರಿನಿಂದ (ಇಂಜಿನ್ನಿಗೆ ಹೊಳ್ಳಿ ಕಳಿಸೋ ಹೊಗಿನ ತಂಪು ಮಾಡೋ ಭಾಗ) ಕೂಲಂಟ್, ಅಂದ್ರ ಇಂಜಿನ್ ತಂಪಿಡೋ ದ್ರವ, ಸೋರಿ ಒಳಗಿನ ಮಸಿ ಜೊತಿ ಕೂಡಿ ಅಂಟಾಗಿ ಕುಂದರ್ತಿತ್ತು, ಅದಕ್ಕ ಬಿಸಿ ಗ್ಯಾಸ್ ತಾಗಿದ್ರ ಬೆಂಕಿ. ಅಲ್ಲಿಯ ಸರ್ಕಾರ ಚೆಕ್ ಆಗದ ಗಾಡಿ ರೋಡಿಗೆ ಇಳಿಸಬ್ಯಾಡ್ರಿ ಅಂತ ಆದೇಶ ಮಾಡ್ತು, ಅದ ವರ್ಷ ಜಗತ್ತಿನಾದ್ಯಂತ 16 ಲಕ್ಷ ಗಾಡಿಗೆ ರೀಕಾಲ್ ಹಬ್ಬಿತು. ಹೊರಗ ಒಂದು ಹನಿ ಬೀಳಲಾರದ ಕೂಲಂಟ್ ಕಡಿಮಿ ಆಗ್ಲಿಕತ್ತಿದ್ರ, "ಇದು ಈ ಮಾಡಲ್ಲಿಗೆ ಕಾಮನ್ ಸರ್, ಟಾಪ್ ಅಪ್ ಮಾಡ್ಕೋರಿ" ಅನ್ನೋ ಮಾತನ್ನ ನಂಬಬ್ಯಾಡ್ರಿ.

ಬೇರೆ ದೇಶದ ರೀಕಾಲ್ ಲಿಸ್ಟ್ ಹೆಂಗ ಓದಬೇಕು ಅಂತ ಕೇಳ್ತಾರ. ಅಮೆರಿಕಾದ ರಸ್ತೆ ಸುರಕ್ಷಾ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟಿನ್ಯಾಗ ನಮ್ಮ ಚಾಸಿ ನಂಬರ್ ಹಾಕಿದ್ರ ಉಪಯೋಗಿಲ್ಲ, ಅದು ಅಲ್ಲಿ ಮಾರಿದ ಗಾಡಿಗೆ. ಆದ್ರ ಅಲ್ಲಿ ಮಾಲಕರು ಬರೆದ ಕಂಪ್ಲೇಂಟ್ ಓದಬಹುದು, ನಾ ರಾತ್ರಿ ಊಟ ಆದ ಮ್ಯಾಲ ಓದ್ತೀನಿ, ಹೆಂಡ್ತಿ ಧಾರಾವಾಹಿ ನೋಡಿದಂಗ. ಒಬ್ಬ ಬೈದಿದ್ದಕ್ಕ ಕಿಮ್ಮತ್ತಿಲ್ಲ, ಇಪ್ಪತ್ತು ಮಂದಿ ಬ್ಯಾರೆ ಬ್ಯಾರೆ ಊರಿಂದ ಒಂದ ಮಾತು ಹೇಳಿದ್ರ ಅದ. ನಮಗ ಇನ್ನೂ ಹತ್ರದ್ದು ಬ್ರಿಟನ್ನಿಂದು, ಅಲ್ಲೂ ಸ್ಟಿಯರಿಂಗ್ ಬಲಕ್ಕ, ಸರ್ಕಾರಿ ಸೈಟಿನ್ಯಾಗ ಮಾಡಲ್, ವರ್ಷ ಹಾಕಿದ್ರ ರೀಕಾಲ್ ಸಿಗ್ತಾವ. ಅದು ಸುಳಿವು ಅಷ್ಟ, ಇಲ್ಲೇ ಪುಣೆ ಹತ್ರದ ಚಾಕಣದಾಗ ಜೋಡಿಸಿದ ಗಾಡಿ ಆ ಲಿಸ್ಟಿಗೆ ಬರ್ತದೋ ಇಲ್ಲೋ ಅಂತ ಕಡೀ ಮಾತು ಹೇಳೋದು ಇಲ್ಲಿಯ ಕಂಪನಿ ಕಂಪ್ಯೂಟರ.

ನಮ್ಮ ದೇಶದ್ದೂ ಹೇಳಿಬಿಡ್ತೀನಿ. 2012ರಿಂದ ಗಾಡಿ ಕಂಪನಿಗಳ ಸಂಘ ಸಿಯಾಮ್ ತಾವಾಗೇ ಕರೆಯೋ ಪದ್ಧತಿ ಇಟ್ಟದ, ಅವ್ರ ಸೈಟಿನ್ಯಾಗ ಲಿಸ್ಟ್ ಇರ್ತದ. 2019ರ ತಿದ್ದುಪಡಿಯೊಳಗ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಬಂತು, 2021ರ ಏಪ್ರಿಲ್ 1ರಿಂದ ನಿಯಮ ಜಾರಿ: ಸಾಕಷ್ಟು ಕಂಪ್ಲೇಂಟ್ ಬಂದ್ರ ಸರ್ಕಾರನ ತನಿಖಿ ಮಾಡ್ಸಿ ವಾಪಸ್ ಕರೆಸಬಹುದು, ದಂಡ 10 ಲಕ್ಷದಿಂದ 1 ಕೋಟಿ. ಆದ್ರ ಗಾಡಿ ಏಳು ವರ್ಷದ ಒಳಗ ಇರಬೇಕು. ನಮ್ಮ ಹೋಟೆಲ್ ಸಾಹುಕಾರ್ರ ಗಾಡಿಗೆ ಒಂಬತ್ತು. ಸೆಕೆಂಡ್ ಹ್ಯಾಂಡ್ ಲಗ್ಜುರಿ ಅಂತ ಮಾರ್ಕೆಟಿಗೆ ಬರೋದರಾಗ ಎಷ್ಟೋ ಗಾಡಿ ಹಿಂಗ ಕಾನೂನಿನ ಬಾಗಲಾ ದಾಟಿದ್ದ, ಅದಕ್ಕ ಕಂಪನಿ ತಾನಾಗೇ ಕರೆದದ್ದನ್ನ ಹುಡುಕಿಕೊಂಡು ಹೋಗೋದ ಗತಿ. ಮಾರಿದ ಡೀಲರ್ ರೀಕಾಲ್ ಗೊತ್ತಿದ್ದೂ ಮುಚ್ಚಿಟ್ಟಿದ್ರ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಬಹುದು, ಆಯೋಗಕ್ಕೂ ಹೋಗಬಹುದು, ಅದಕ್ಕ ಅವನು ಹೇಳಿದ್ದೆಲ್ಲಾ ವಾಟ್ಸಾಪಿನ್ಯಾಗ ಬರಸ್ಕೋರಿ, ಬಾಯಿ ಮಾತು ಬ್ಯಾಡ.

ಕೋಥ್ರೂಡಿನ ಗಾಡಿ ಮಾರೋವನಿಗೆ ನಾ ಕೇಳ್ದೆ, ಈ ಕ್ಯಾಂಪೇನ್ ಓಪನ್ ಅದ, ಗೊತ್ತಿತ್ತೇನು? "ಅರೇ ಸಾಹೇಬ್, ಏರ್‌ಬ್ಯಾಗ್ ಯಾರು ನೋಡ್ತಾರ, ಇನ್ಶೂರೆನ್ಸ್ ಫುಲ್ ಅದ" ಅಂದ. ಟೋಕನ್ ಕೊಡೋದು ನಿಲ್ಲಿಸಿದ್ವಿ. ಮೊದಲ ಕೆಲಸ ಆಗ್ಲಿ, ಜಾಬ್ ಕಾರ್ಡ್ ಕೈಗೆ ಬರ್ಲಿ, ಆಮ್ಯಾಲ ದುಡ್ಡು ಅಂತ. ಪಾರ್ಟ್ ಬರ್ಲಿಕ್ಕೆ ಐದು ವಾರ ಹಿಡೀತು, ಕೂಡಿಸ್ಲಿಕ್ಕೆ ಒಂದು ಮುಂಜಾನೆ, ಬಿಲ್ ಸೊನ್ನಿ. ಸಾಹುಕಾರ್ರು ತಮ್ಮ ಹೆಸರು, ಫೋನ್ ನಂಬರ್, ಪುಣೆ ಅಡ್ರೆಸ್ ಅಲ್ಲೇ ಸರ್ವಿಸ್ ಡೆಸ್ಕಿನ ಹುಡುಗನ ಕಡಿಂದ ಅಪ್‌ಡೇಟ್ ಮಾಡ್ಸಿದ್ರು, ನಾ ಬಾಜೂ ನಿಂತು ಸ್ಪೆಲ್ಲಿಂಗ್ ನೋಡಿದೆ.

ಡೆಲಿವರಿ ದಿನ ಫೋನ್ ಬಂತು. "ಈಗಾದ್ರೂ ಆ ಸನ್‌ರೂಫ್ ಸ್ವಲ್ಪ ನೋಡ್ತೀರಾ?" ಹೋಗಿ ಒಂದು ಲೋಟ ನೀರು ಅದರ ಮೂಲ್ಯಾಗ ಹಾಕಿದೆ. ಚಕ್ರದ ಹತ್ರ ಇಳೀಬೇಕಾಗಿದ್ದ ನೀರು ಡ್ರೈವರ್ ಕಾಲಿನ ಕಾರ್ಪೆಟ್ಟಿಗೆ ಬಂತು.