ನಿಂತಲ್ಲೇ ನಿಲ್ಲುವ ಹಡಗು

ಸಮುದ್ರದ ತಳ ಕೊರೆಯುವ ಹಡಗು ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ: ಎಣ್ಣೆ ಸಿಕ್ಕಿತಾ? ಜಾಯ್ಡೀಸ್ ರೆಸಲ್ಯೂಷನ್ ಎಂಬ ಹಡಗಿನ ಮಟ್ಟಿಗೆ ಈ ಪ್ರಶ್ನೆ ಪೂರ್ತಿ ಉಲ್ಟಾ. 1978ರಲ್ಲಿ ಅದು ತಯಾರಾದದ್ದೇನೋ ಎಣ್ಣೆ ಹುಡುಕಲಿಕ್ಕೇ. ಆದರೆ 1985ರಲ್ಲಿ ವಿಜ್ಞಾನದ ಕೆಲಸಕ್ಕೆ ಬಂದ ಮೇಲೆ ಎಣ್ಣೆ, ಗ್ಯಾಸ್ ಇರಬಹುದಾದ ಜಾಗಗಳಿಂದ ದೂರವೇ ಇರುತ್ತಿತ್ತು. ಕೆಳಗಿನಿಂದ ಗ್ಯಾಸ್ ನುಗ್ಗಿದರೆ ತಡೆಯುವ ವ್ಯವಸ್ಥೆ ಅದರಲ್ಲಿರಲಿಲ್ಲ. ಹಾಗಾಗಿ ಮೇಲೆ ಬಂದ ಮಣ್ಣಿನಲ್ಲಿ ಎಷ್ಟು ಗ್ಯಾಸ್ ಇದೆ ಅಂತ ಅಳೆಯುತ್ತಲೇ ಕೊರೆಯಬೇಕಿತ್ತು.

2015ರ ಏಪ್ರಿಲ್, ಮೇ ತಿಂಗಳಲ್ಲಿ ಈ ಹಡಗು ನಮ್ಮ ಪಶ್ಚಿಮ ಕರಾವಳಿಯಾಚೆ ಲಕ್ಷ್ಮಿ ಬೇಸಿನ್ ಎಂಬ ಕಡಲತಳದ ತಗ್ಗಿನ ಮೇಲೆ ಇತ್ತು. ಗೋವಾದ ಧನಂಜಯ್ ಪಾಂಡೆ ಮತ್ತು ಅಮೆರಿಕದ ಪೀಟರ್ ಕ್ಲಿಫ್ಟ್ ಅದರ ಮುಖ್ಯ ವಿಜ್ಞಾನಿಗಳು. ಸಿಂಧೂ ನದಿ ಹಿಮಾಲಯದಿಂದ ಹೊತ್ತು ತಂದು ಸುರಿದ ಮಣ್ಣಿನಲ್ಲಿ ಮುಂಗಾರಿನ ಹಳೆಯ ಚರಿತ್ರೆ ಓದುವುದು ಅವರ ಉದ್ದೇಶ.

ಅಲ್ಲಿ ನೀರಿನ ಆಳ ಸುಮಾರು 3,640 ಮೀಟರ್. ಲಂಗರು ಹಾಕುವ ಮಾತೇ ಇಲ್ಲ. ಕೊರೆಯುವ ಪೈಪನ್ನು ಒಂದು ಮಿಲಿಮೀಟರ್ ದಪ್ಪದ ಶಾವಿಗೆ ಅಂದುಕೊಳ್ಳಿ. ಅದೇ ಲೆಕ್ಕದಲ್ಲಿ ಆ ಎಳೆಯನ್ನು ಹತ್ತನೇ ಮಹಡಿಯಿಂದ ನೆಲಕ್ಕೆ ಇಳಿಬಿಡಬೇಕು. ಮೇಲಿರುವ ಹಡಗು ಅತ್ತಿತ್ತ ಜಾಸ್ತಿ ಸರಿದರೆ ಪೈಪು ಬಾಗಿ ಮುರಿಯುತ್ತದೆ. ಅದಕ್ಕೇ ಹಡಗಿನ ಹೊಟ್ಟೆಯಡಿ 12 ಸಣ್ಣ ಪ್ರೊಪೆಲ್ಲರ್‌ಗಳಿದ್ದವು. ಜಿಪಿಎಸ್ಸು ಮತ್ತು ತಳದಲ್ಲಿಟ್ಟ, ಶಬ್ದ ಹೊರಡಿಸುವ ಸಾಧನ ಹಡಗು ಎಷ್ಟು ಸರಿಯಿತು ಅಂತ ಹೇಳುತ್ತಿದ್ದವು. ಕಂಪ್ಯೂಟರ್ ಪ್ರತಿ ಕ್ಷಣ ಈ ಪ್ರೊಪೆಲ್ಲರ್‌ಗಳನ್ನು ಆಚೀಚೆ ತಳ್ಳಿಸುತ್ತಾ ಹಡಗನ್ನು ಅಲ್ಲೇ ಹಿಡಿದಿಡುತ್ತಿತ್ತು. ಓಡುವ ಹಡಗನ್ನು ಯಾರು ಬೇಕಾದರೂ ಕಟ್ಟುತ್ತಾರೆ ಬಿಡಿ. ನನಗೆ ಬೆರಗು ಹುಟ್ಟಿಸುವುದು ಈ ನಿಲ್ಲುವಿಕೆ.

ಕಂಪ್ಯೂಟರ್ ಇಲ್ಲದೆಯೂ ಇದನ್ನು ಮಾಡಿದವರಿದ್ದಾರೆ. 1961ರಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ ವಿಲ್ಲರ್ಡ್ ಬಾಸ್ಕಮ್ ತಂಡ ಒಂದು ದೋಣಿಗೆ ನಾಲ್ಕು ಎಂಜಿನ್ ಕಟ್ಟಿತು. ಸುತ್ತಲೂ ತೇಲುವ ಗುರುತುಗಳನ್ನು ನಿಲ್ಲಿಸಿ, ಅವುಗಳ ನಡುವೆಯೇ ದೋಣಿ ಇರುವಂತೆ ಒಬ್ಬ ಕೈಯಾರೆ ಚಾಲನೆ ಮಾಡುತ್ತಿದ್ದ. ನೀರಿನ ಆಳ ಮೂರೂವರೆ ಕಿಲೋಮೀಟರ್. ಭೂಮಿಯ ಹೊರಪದರ ದಾಟಿ ಅದರಡಿಯ ಮ್ಯಾಂಟಲ್ ಎಂಬ ಪದರ ಮುಟ್ಟುವುದು ಅವರ ಕನಸು. ಕೊರೆದದ್ದು ಬರೀ 183 ಮೀಟರ್. 1966ರಲ್ಲಿ ಅಮೆರಿಕದ ಸಂಸತ್ತು ದುಡ್ಡು ನಿಲ್ಲಿಸಿತು. ಆದರೆ ಅವರು ಕಂಡುಕೊಂಡ ಉಪಾಯ ಸಾಯಲಿಲ್ಲ.

ನಿಂತದ್ದಾಯಿತು, ಈಗ ಮಣ್ಣು ತೆಗೆಯಬೇಕಲ್ವಾ? ತಳದ ಮೇಲ್ಭಾಗದ ಮಣ್ಣು ಮೆತ್ತಗೆ. ತಿರುಗಿಸಿ ಕೊರೆದರೆ ಪದರಗಳೆಲ್ಲ ಕದಡಿಹೋಗುತ್ತವೆ. ಅದಕ್ಕೆ ಪೈಪಿನೊಳಗೆ ಇನ್ನೊಂದು ಕೊಳವೆ ಇಳಿಸುತ್ತಾರೆ. ಸಣ್ಣ ಪಿನ್ನುಗಳು ಅದನ್ನು ಹಿಡಿದಿರುತ್ತವೆ. ಮೇಲಿನಿಂದ ಸಮುದ್ರದ ನೀರು ಪಂಪ್ ಮಾಡುತ್ತಾ ಒತ್ತಡ ಏರಿಸಿದರೆ ಒಂದು ಹಂತದಲ್ಲಿ ಪಿನ್ನುಗಳು ಪಟ್ಟೆಂದು ಮುರಿಯುತ್ತವೆ. ಒಂಬತ್ತೂವರೆ ಮೀಟರ್ ಕೊಳವೆ ಕಣ್ಣುಮಿಟುಕಿಸುವಷ್ಟರಲ್ಲಿ ಮಣ್ಣಿಗೆ ನುಗ್ಗುತ್ತದೆ. ಅಲೆ ಹಡಗನ್ನು ಮೇಲೆತ್ತುವ ಮೊದಲೇ ಕೆಲಸ ಮುಗಿದಿರುತ್ತದೆ. ತಂತಿ ಹಗ್ಗದಲ್ಲಿ ಅದನ್ನು ಮೇಲೆಳೆದು, ಒಂದೂವರೆ ಮೀಟರಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಉದ್ದಕ್ಕೆ ಸೀಳುತ್ತಾರೆ. ಒಂದು ಹೋಳು ಪರೀಕ್ಷೆಗೆ. ಇನ್ನೊಂದು ಭದ್ರವಾಗಿ ಇಡಲಿಕ್ಕೆ.

ಮಣ್ಣಿನಲ್ಲಿ ಮಳೆ ಕಾಣುವುದು ಹೇಗೆ? ಸೆಕೆ, ಮಳೆ ಎರಡೂ ಜೋರಿದ್ದರೆ ಕಲ್ಲು ಕೊಳೆತು ಕೆಯೊಲಿನೈಟ್‌ನಂಥ ಜೇಡಿಯಾಗುತ್ತದೆ. ನಮ್ಮ ಕರಾವಳಿಯ ಮುರಕಲ್ಲೂ ಇಂಥ ಮಳೆಯದ್ದೇ ಕೆಲಸ. ಚಳಿ, ಒಣಹವೆ ಇದ್ದರೆ ಕಲ್ಲು ಸುಮ್ನೆ ಪುಡಿಯಾಗುತ್ತದೆ. ಆಗ ಇಲೈಟ್, ಕ್ಲೋರೈಟ್ ಎಂಬ ಖನಿಜಗಳು ಜಾಸ್ತಿ. ಯಾವ ಪದರದಲ್ಲಿ ಯಾವುದು ಎಷ್ಟಿದೆ ಅಂತ ಅಳೆದರೆ ಆ ಕಾಲದ ಹವೆ ತಿಳಿಯುತ್ತದೆ.

ಆದರೆ ಲಕ್ಷ್ಮಿ ಬೇಸಿನ್‌ನಲ್ಲಿ ಕೆಳಗೆ ಹೋದಂತೆ ಈ ಓದು ಕೆಟ್ಟಿತು. ಸಾಲಾಗಿ ಕೂತ ಪದರಗಳ ಬದಲು ಸುಣ್ಣದಕಲ್ಲಿನ ಚೂರು, ಮಡಚಿಕೊಂಡ ಮಣ್ಣು, ಅದೂ 300 ಮೀಟರಿಗೂ ದಪ್ಪ. ಸಿಂಧೂ ತಂದದ್ದಲ್ಲ ಇದು. ಸುಮಾರು ಒಂದು ಕೋಟಿ ಎಂಟು ಲಕ್ಷ ವರ್ಷಗಳ ಹಿಂದೆ ಗುಜರಾತಿನ ಕಡೆಯ ಕಡಲ ಇಳಿಜಾರು ಕುಸಿದು ನೂರಾರು ಕಿಲೋಮೀಟರ್ ಜಾರಿ ಬಂದಿತ್ತು. ಅದಕ್ಕೆ ನಟರಾಜ ಸ್ಲೈಡ್ ಅಂತ ಹೆಸರಿಟ್ಟಿದ್ದಾರೆ. ಜಗತ್ತಿನಲ್ಲಿ ಗೊತ್ತಿರುವ ಅತಿ ದೊಡ್ಡ ಸಮುದ್ರದಡಿ ಕುಸಿತಗಳಲ್ಲಿ ಇದೂ ಒಂದು. ಮುಂಗಾರು ಹುಡುಕಲು ಹೋದವರಿಗೆ ಸಿಕ್ಕಿದ್ದು ಇದು!

ಜಾಯ್ಡೀಸ್ ರೆಸಲ್ಯೂಷನ್ 2024ರಲ್ಲಿ ತನ್ನ ಕೊನೆಯ ವೈಜ್ಞಾನಿಕ ಯಾನ ಮುಗಿಸಿತು. ಅದೇ ವರ್ಷ ಚೀನಾ ಮೆಂಗ್‌ಶಿಯಾಂಗ್ ಎಂಬ ಹೊಸ ಹಡಗನ್ನು ಕೆಲಸಕ್ಕೆ ಹಚ್ಚಿದೆ. ಸಮುದ್ರದ ಮೇಲ್ಮೈಯಿಂದ 11 ಕಿಲೋಮೀಟರ್ ಆಳದವರೆಗೆ ಕೊರೆಯುವಂತೆ ಕಟ್ಟಿದ ಹಡಗು ಅದು. ಗುರಿ ಮತ್ತೆ ಮ್ಯಾಂಟಲ್ಲೇ.