ಮಹಾವೃತ್ತ ದೂರ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಊರು ಎಷ್ಟು ದೂರ ಎಂದು ಕೇಳಿದರೆ ನಮ್ಮಲ್ಲಿ ಕಿಲೋಮೀಟರ್ ಹೇಳುವವರು ಕಡಿಮೆ. 'ಬಸ್ಸಲ್ಲಿ ಮೂರು ಗಂಟೆ ದಾರಿ' ಅನ್ನುತ್ತೇವೆ. ವಿಮಾನದ ವಿಷಯಕ್ಕೆ ಬಂದಾಗ ಮಾತ್ರ ದೂರವನ್ನೂ ಹೊತ್ತನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಂದು ಎಲ್ಲೆಡೆ ಕಾಣುವ ಅಂಕಿ ಸಾಮಾನ್ಯವಾಗಿ ಮಹಾವೃತ್ತ ದೂರ. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿಸಿಕೊಂಡ ವೃತ್ತವೇ ಮಹಾವೃತ್ತ. ಭೂಮಧ್ಯರೇಖೆ ಅಂಥದ್ದೊಂದು. ಉಳಿದ ಅಕ್ಷಾಂಶಗಳು ಅಲ್ಲ. ಗೋಳದ ಮೇಲೆ ಎರಡು ಊರುಗಳಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ, ದಾರ ತಾನಾಗಿಯೇ ಮಹಾವೃತ್ತದ ಮೇಲೆ ಕೂರುತ್ತದೆ. ಅದಕ್ಕಿಂತ ಹತ್ತಿರದ ದಾರಿಯಿಲ್ಲ.

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆ ದಾರ ಸುಮಾರು 14,000 ಕಿ.ಮೀ. ಶಾಲೆಯ ಗೋಡೆಯ ನಕ್ಷೆ ನೋಡಿದವರಿಗೆ ಬಂಗಾಳ ಕೊಲ್ಲಿ, ಪೆಸಿಫಿಕ್ ದಾಟಿ ಪೂರ್ವಕ್ಕೆ ಹೋಗುವುದೇ ನೇರ ದಾರಿ ಅನ್ನಿಸುತ್ತದೆ. ಮರ್ಕೇಟರ್ ಎಂಬ ಬಗೆಯ ಆ ಚಪ್ಪಟೆ ನಕ್ಷೆಯ ಸರಳರೇಖೆ ಹಿಡಿದರೆ 16,000 ಕಿ.ಮೀ. ದಾಟುತ್ತದೆ. ದಾರವೋ ಟಿಬೆಟ್, ಸೈಬೀರಿಯಾ ಹಾದು ಸುಮಾರು 70 ಡಿಗ್ರಿ ಉತ್ತರಕ್ಕೆ ಏರಿ, ಅಮೆರಿಕದ ಕಡೆ ಇಳಿಯುತ್ತದೆ. ನನಗೆ ಈ ಲೆಕ್ಕದಲ್ಲಿ ಅತಿ ಸೋಜಿಗದ್ದು ಇದು: ಉತ್ತರ ಧ್ರುವವನ್ನೇ ಮುಟ್ಟಿ ಹೋದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ, ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದಿತ್ತು. ಆ ಇಡೀ ಪಯಣಕ್ಕೆ ಹಿಡಿದದ್ದು ಸುಮಾರು 17 ಗಂಟೆ.

ವಿಮಾನ ದಾರದ ಗೆರೆಯನ್ನೇ ಹಿಡಿದು ಹೋಗುವುದು ಅಪರೂಪ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ, ಹಾಗಾಗಿ ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುವುದೇ ರೂಢಿ. ದೇಶಗಳ ಜಗಳವೂ ದಾರಿ ಉದ್ದವಾಗಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವವರಿಗೆ ಪಯಣ ಉದ್ದವಾಯಿತು.

ಇನ್ನು ಹೊತ್ತು. ಗಂಟೆಗೆ 900 ಕಿ.ಮೀ.ಯಂತೆ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಟಿಕೆಟ್‌ನಲ್ಲಿರುವುದು ಬ್ಲಾಕ್ ಟೈಮ್, ಅಂದರೆ ಗೇಟ್ ಬಿಟ್ಟಲ್ಲಿಂದ ಇನ್ನೊಂದು ಗೇಟ್ ಸೇರುವವರೆಗೆ. ರನ್‌ವೇವರೆಗಿನ ಓಟ, ಏರುವುದು, ಇಳಿಯುವುದು, ಬಳಸು ದಾರಿ ಎಲ್ಲ ಅದರೊಳಗೆ. ಇದರ ಮೇಲೆ ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಬಿರುಗಾಳಿ ಬೆನ್ನಿಗಿದ್ದರೆ ತಳ್ಳುತ್ತದೆ, ಎದುರಾದರೆ ತಡೆಯುತ್ತದೆ. 2020ರ ಫೆಬ್ರುವರಿಯಲ್ಲಿ ಇದೇ ಗಾಳಿಯ ಬಲದಿಂದ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ತಲುಪಿತ್ತು.

ಮಗಳ ಬಾಣಂತನಕ್ಕೆಂದು ಮೊದಲ ಸಲ ಹೊರಟ ತಾಯಂದಿರಿಗೆ ಗಡಿಯಾರವೇ ದೊಡ್ಡ ಗೊಂದಲ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ ಅಲ್ಲಿ ಇನ್ನೂ ಸೋಮವಾರ ಸಂಜೆ ಐದೂವರೆ. ಮನೆಯಲ್ಲಿ ಕಾಯುತ್ತಿರುವವರಿಗೆ ಆಗ ಮಂಗಳವಾರದ ಬೆಳಗಿನ ಏಳು ಗಂಟೆ.