ರೂಪಾಯಿಗೆ ಬೆಲೆ ಕಟ್ಟುವವರು ಯಾರು? 2013ರ ಆಗಸ್ಟ್ ತಿಂಗಳ ಪಾಠ

ಪ್ರತಿ ಆಗಸ್ಟ್ 15ಕ್ಕೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಬಂದೇ ಬರುತ್ತದೆ: ಸ್ವಾತಂತ್ರ್ಯ ಬಂದಾಗ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತಂತೆ. ಇದು ತಪ್ಪು. ಆಗ ರೂಪಾಯಿಯನ್ನು ಬ್ರಿಟನ್ನಿನ ಪೌಂಡಿಗೆ ಕಟ್ಟಿಹಾಕಿದ್ದರು. ಒಂದು ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್, ಅಂದರೆ ಒಂದು ಪೌಂಡಿಗೆ 13.33 ರೂಪಾಯಿ. ಅದೇ ಪೌಂಡಿಗೆ 4.03 ಡಾಲರ್ ಸಿಗುತ್ತಿತ್ತು. 13.33ನ್ನು 4.03ರಿಂದ ಭಾಗಿಸಿ ನೋಡಿ, ಡಾಲರಿಗೆ ಸುಮಾರು 3.31 ರೂಪಾಯಿ ಬರುತ್ತದೆ.

ಇರಲಿ, ಒಂದಕ್ಕೆ ಒಂದೇ ಇದ್ದಿದ್ದರೂ ಆ ಸಂಖ್ಯೆಯಿಂದ ದೇಶದ ಬಲ ಅಳೆಯಲು ಬರುವುದಿಲ್ಲ. ಕುವೈತಿನ ಒಂದು ದಿನಾರಿಗೆ 3 ಡಾಲರಿಗಿಂತ ಜಾಸ್ತಿ ಸಿಗುತ್ತದೆ. ಜಪಾನಿನಲ್ಲಿ ಒಂದು ಡಾಲರಿಗೆ ನೂರಕ್ಕೂ ಹೆಚ್ಚು ಯೆನ್ ಕೊಡಬೇಕು. ಹಾಗಂತ ಕುವೈತ್ ಜಪಾನಿಗಿಂತ ದೊಡ್ಡ ಆರ್ಥಿಕತೆ ಆಗುತ್ತದಾ? ಇಲ್ಲ ಅಲ್ವಾ. ನಾವು ನೋಡಬೇಕಾದದ್ದು ದರ ಎಷ್ಟು ಬೇಗ ಬದಲಾಗುತ್ತಿದೆ, ಯಾಕೆ ಬದಲಾಗುತ್ತಿದೆ ಅನ್ನುವುದನ್ನು.

ಪರೀಕ್ಷೆಯಲ್ಲಿ ನಮ್ಮಲ್ಲಿ ಅನೇಕರು ಗೊಂದಲ ಮಾಡಿಕೊಳ್ಳುವ ಎರಡು ಪದಗಳಿವೆ, ಅಪಮೌಲ್ಯ ಮತ್ತು ಕುಸಿತ. ಸರ್ಕಾರವೇ ನಿಗದಿ ಮಾಡಿದ ರೂಪಾಯಿಯ ಬೆಲೆಯನ್ನು ಸರ್ಕಾರವೇ ಇಳಿಸಿದರೆ ಅದು ಅಪಮೌಲ್ಯ. 1966ರ ಜೂನ್ 6ರಂದು ಡಾಲರಿನ ದರ 4.76 ರೂಪಾಯಿಯಿಂದ 7.50ಕ್ಕೆ ಹೋಯಿತು. 1991ರ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಹಂತದಲ್ಲಿ ಇಳಿಸಿದರು. 1993ರ ಮಾರ್ಚ್‌ನಿಂದ ದರ ಮಾರುಕಟ್ಟೆಯಲ್ಲೇ ತೀರ್ಮಾನವಾಗುತ್ತದೆ. ಆಮೇಲಿನ ಇಳಿಕೆಗೆಲ್ಲ ಕುಸಿತ ಅನ್ನಬೇಕು.

ಮಾರುಕಟ್ಟೆ ಅಂದರೆ ಯಾರು? ಡಾಲರ್ ತಂದು ಮಾರುವವರು ಒಂದು ಕಡೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು, ಕಾಫಿ ರಫ್ತು ಮಾಡುವವರು, ಹೊರಗಿನಿಂದ ಬಂದು ಇಲ್ಲಿನ ಷೇರು ಕೊಳ್ಳುವ ಹೂಡಿಕೆದಾರರು, ಕೊಲ್ಲಿಯಿಂದ ಮನೆಗೆ ದುಡ್ಡು ಕಳಿಸುವವರು. ಡಾಲರ್ ಬೇಕು ಅನ್ನುವವರು ಇನ್ನೊಂದು ಕಡೆ: ಕಚ್ಚಾ ತೈಲ ತರಿಸುವವರು, ಚಿನ್ನ ತರಿಸುವವರು, ಹಾಕಿದ ಹಣ ವಾಪಸ್ ಒಯ್ಯುವ ಹೂಡಿಕೆದಾರರು. ಬೇಕು ಅನ್ನುವವರು ಜಾಸ್ತಿಯಾದರೆ ಡಾಲರ್ ತುಟ್ಟಿಯಾಗುತ್ತದೆ. ಹಣದುಬ್ಬರ, ಬಡ್ಡಿ ದರ, ಭಯ, ಎಲ್ಲವೂ ಕೊನೆಗೆ ಈ ಎರಡು ಗುಂಪಿನಲ್ಲಿ ಒಂದನ್ನು ದೊಡ್ಡದು ಮಾಡುತ್ತವೆ.

ನನಗೆ ಇದು ಅರ್ಥವಾದದ್ದು ದುಬೈಯಲ್ಲಿದ್ದ ಚಿಕ್ಕಪ್ಪನಿಂದ. ಯುಎಇ ತನ್ನ ದಿರಹಂ ಅನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಿದೆ, 1997ರಿಂದ ಅದು ಅಲ್ಲಾಡಿಲ್ಲ. ಹಾಗಾಗಿ ರೂಪಾಯಿ-ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ದಿರಹಂ ದರ ಸಿಗುತ್ತದೆ. 2013ರ ಮೇ ಶುರುವಿನಲ್ಲಿ ಡಾಲರ್ ಸುಮಾರು 54 ರೂಪಾಯಿ, ದಿರಹಂ 14.70. ಚಿಕ್ಕಪ್ಪ 5,000 ದಿರಹಂ ಕಳಿಸಿದರೆ ಊರಿನಲ್ಲಿ 73,500 ರೂಪಾಯಿ.

ಆ ವರ್ಷ ನಮ್ಮ ಕಡೆ ಮೊದಲೇ ಬಿರುಕು ಇತ್ತು. 2012-13ರ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8. ಅಂದರೆ ದುಡಿದು ತಂದ ಡಾಲರಿಗಿಂತ ಖರ್ಚು ಮಾಡಿದ ಡಾಲರ್ ಅಷ್ಟು ಹೆಚ್ಚು. ತೈಲ ಬ್ಯಾರೆಲ್ಲಿಗೆ 100 ಡಾಲರ್ ದಾಟಿತ್ತು. ಇಲ್ಲಿ ಬೆಲೆಗಳು ವರ್ಷಕ್ಕೆ ಸುಮಾರು ಶೇ 10ರಂತೆ ಏರುತ್ತಿದ್ದವು, ಅಮೆರಿಕದಲ್ಲಿ ಶೇ 2ರ ಆಸುಪಾಸು. ಇಷ್ಟು ಅಂತರ ಇದ್ದಾಗ ರೂಪಾಯಿ ನಿಧಾನವಾಗಿ ಇಳಿಯಲೇಬೇಕು, ಏಕೆಂದರೆ ಅದರಿಂದ ಕೊಳ್ಳಬಹುದಾದ ಸಾಮಾನೇ ವರ್ಷವರ್ಷ ಕಡಿಮೆಯಾಗುತ್ತಿರುತ್ತದೆ. ಕೊರತೆಯನ್ನು ಹೊರಗಿನ ಹೂಡಿಕೆದಾರರ ಡಾಲರ್ ತುಂಬುತ್ತಿತ್ತು.

ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಬೆನ್ ಬರ್ನಾಂಕೆ, ತಿಂಗಳಿಗೆ 8,500 ಕೋಟಿ ಡಾಲರಿನ ಸಾಲಪತ್ರ ಕೊಳ್ಳುತ್ತಿದ್ದುದನ್ನು ಮುಂದೆ ತಗ್ಗಿಸಬಹುದು ಅಂದರು. ಇನ್ನೂ ತಗ್ಗಿಸಿರಲಿಲ್ಲ, ಮಾತಾಡಿದ್ದಷ್ಟೇ. ಅಷ್ಟಕ್ಕೇ ಅಮೆರಿಕದಲ್ಲಿ ಬಡ್ಡಿ ಏರತೊಡಗಿತು, ಹೂಡಿಕೆದಾರರು ಅತ್ತ ತಿರುಗಿದರು.

ಈಗ ನನಗೆ ತುಂಬ ಮುಖ್ಯ ಅನಿಸುವ ಭಾಗ. ಜುಲೈಯಲ್ಲಿ ಚಿಕ್ಕಪ್ಪ ಫೋನಿನಲ್ಲಿ ಅಮ್ಮನಿಗೆ, "ಅತ್ತಿಗೆ, ಸ್ವಲ್ಪ ದಿನ ತಡೀರಿ, ದರ ಇನ್ನೂ ಏರ್ತಾ ಇದೆ" ಅಂದರು. ಮನೆಯ ತಾರಸಿ ಕೆಲಸ ಅರ್ಧಕ್ಕೆ ನಿಂತಿತ್ತು. ಅವರು ಯೋಚಿಸಿದ್ದು ಸರಿಯೇ. ಆದರೆ ರಫ್ತುದಾರರೂ ಹಾಗೇ ಯೋಚಿಸಿ ಡಾಲರನ್ನು ಹೊರಗೇ ಇಟ್ಟುಕೊಳ್ಳುತ್ತಾರೆ. ಆಮದುದಾರರು ಉಲ್ಟಾ, ನಾಳೆ ಇನ್ನೂ ತುಟ್ಟಿಯಾದೀತು ಅಂತ ಇವತ್ತೇ ಕೊಳ್ಳಲು ಓಡುತ್ತಾರೆ. ಮಾರುವವರು ಕಾಯುತ್ತಾರೆ, ಕೊಳ್ಳುವವರು ಅವಸರ ಮಾಡುತ್ತಾರೆ, ದರ ಇನ್ನಷ್ಟು ಏರುತ್ತದೆ. ಎಲ್ಲರ ನಿರೀಕ್ಷೆ ತಾನೇ ನಿಜವಾಗುತ್ತದೆ. ನಮ್ಮ ತಾರಸಿಯೂ ಆ ಕುಸಿತದ ಒಂದು ಸಣ್ಣ ಕಾರಣ ಆಗಿತ್ತು.

ಆಗಸ್ಟ್ 28ರಂದು ಡಾಲರ್ 68.8 ರೂಪಾಯಿ ಮುಟ್ಟಿತು. ಆ ಲೆಕ್ಕಕ್ಕೆ ದಿರಹಂ 18.73, 5,000ಕ್ಕೆ 93,650 ರೂಪಾಯಿ.

ಇಂಥ ಹೊತ್ತಿನಲ್ಲಿ ರಿಸರ್ವ್ ಬ್ಯಾಂಕ್ ಮೀಸಲಿನ ಡಾಲರನ್ನು ಸುಮ್ನೆ ಮಾರುತ್ತಾ ಕೂತರೆ ಮೀಸಲು ಕರಗುತ್ತದೆ, ಭಯ ಇನ್ನೂ ಹೆಚ್ಚುತ್ತದೆ. ಅದಕ್ಕೇ ಬೇರೆ ದಾರಿ ಹುಡುಕಿದರು. ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇ 10ಕ್ಕೆ ಏರಿಸಿತ್ತು. ಸರ್ಕಾರಿ ತೈಲ ಕಂಪನಿಗಳು ಮಾರುಕಟ್ಟೆಗೆ ಬರದಂತೆ ರಿಸರ್ವ್ ಬ್ಯಾಂಕೇ ಅವುಗಳಿಗೆ ನೇರ ಡಾಲರ್ ಕೊಟ್ಟಿತು. ಡಾಲರಿನ ಅತಿ ದೊಡ್ಡ ಗಿರಾಕಿಯೇ ಸಾಲಿನಿಂದ ಹೊರಗೆ ಹೋದ ಹಾಗಾಯಿತು. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಆದರು. ಅನಿವಾಸಿ ಭಾರತೀಯರಿಂದ ಬ್ಯಾಂಕುಗಳು ಕನಿಷ್ಠ 3 ವರ್ಷಕ್ಕೆ ಡಾಲರ್ ಠೇವಣಿ ತಂದರೆ, ಅವಧಿ ಮುಗಿದಾಗ ಆ ಡಾಲರ್ ಹಿಂದಿರುಗಿಸುವ ಹೊಣೆ ರಿಸರ್ವ್ ಬ್ಯಾಂಕಿನದು, ಅದಕ್ಕೆ ಬ್ಯಾಂಕುಗಳು ತೆರಬೇಕಾದದ್ದು ವರ್ಷಕ್ಕೆ ಶೇ 3.5 ಮಾತ್ರ ಅಂದರು. ಡಾಲರ್ ಏರಿದರೂ ನಷ್ಟವಾಗದ ಇಂಥ ರಕ್ಷಣೆ ಮಾರುಕಟ್ಟೆಯಲ್ಲಿ ಇದಕ್ಕಿಂತ ತುಟ್ಟಿ ಇತ್ತು. ನವೆಂಬರ್ ಮುಗಿಯುವಷ್ಟರಲ್ಲಿ ಈ ಠೇವಣಿಗಳಿಂದಲೇ ಸುಮಾರು 2,600 ಕೋಟಿ ಡಾಲರ್ ಬಂತು.

ಹಣ ಪೂರ್ತಿ ಬರುವ ಮೊದಲೇ, ಬರುತ್ತದೆ ಅನ್ನುವ ನಂಬಿಕೆಗೆ ದರ ತಿರುಗಿತು. ಕಾಯುತ್ತಿದ್ದವರೆಲ್ಲ ಈಗ ಮಾರಲು ಬಂದರು. ಅಕ್ಟೋಬರ್ ಮಧ್ಯಕ್ಕೆ ಡಾಲರ್ ಸುಮಾರು 61.50, ದಿರಹಂ 16.75. ಚಿಕ್ಕಪ್ಪ ದುಡ್ಡು ಕಳಿಸಿದ್ದು ಆಗ. ತಾರಸಿ ದೀಪಾವಳಿಗೆ ಮೊದಲು ಮುಗಿಯಿತು.